ಆರೂಮುಕ್ಕಾಲು

ನಮ್ಮೂರು ಒಂದು ರಾಜ್ಯದ್ದು, ಗಡಿಯಾರ ಪಕ್ಕದ ರಾಜ್ಯದ್ದು.
ಬಂದ ಹೊಸದರಲ್ಲಿ ಇದು ನಗೆಯ ಮಾತಾಗಿತ್ತು.
ಮೂವತ್ತೊಂದು ವರ್ಷ,
ಅಲ್ಲಿ ಕಡಲ ದಂಡೆಯಲ್ಲಿ ನನ್ನಕ್ಕ ಝೋರ್ಕಾ
ಮೀನು ಸೀಳುವ ಹೊತ್ತಿಗೇ
ಇಲ್ಲಿ ಈ ಕೆಂಪು ಬಯಲಿನಲ್ಲಿ ನಾನು ಈರುಳ್ಳಿ ಹೆಚ್ಚಿದೆ.
ನಡುವೆ ಒಂದಿಡೀ ಹಗಲಿನ ದಾರಿ,
ಒಂದು ನಿಮಿಷದ ವ್ಯತ್ಯಾಸವಿಲ್ಲ.

ಹೋದ ವರ್ಷ ಮೂರು ಸಾವು. ಮೂರಕ್ಕೂ
ಮಣ್ಣು ಹಾಕುವ ಹೊತ್ತಿಗೆ ತಲುಪಿದೆವು,
ಕಾರಿನ ಬಿಸಿ ಮೈಯಲ್ಲಿರುವಾಗಲೇ ಕರಿಯ ಕೋಟು ತೊಟ್ಟು.
ಮೂರನೆಯದರಿಂದ ಮರಳುವಾಗ
ಪೆಟ್ರೋಲ್ ಬಂಕಿನ ದೀಪದಡಿ ಯೂರೆ ಕಾರು ನಿಲ್ಲಿಸಿ
ಬಹಳ ಹೊತ್ತು ಸ್ಟಿಯರಿಂಗ್ ಹಿಡಿದೇ ಕೂತಿದ್ದ.
"ಇನ್ನು ಸಾವಿಗೆ ಹೋಗೋದು ಬೇಡ, ನೇವೆಂಕಾ,
ಕಾಯಿಲೆಗೇ ಹೋಗೋಣ."

ಅಷ್ಟೇ. ಅದಾದ ಮೇಲೆ ಬರೀ ರಟ್ಟಿನ ಪೆಟ್ಟಿಗೆಗಳು.

ತಗಡಿನ ಗೋಡೆಗೆ ಬೆನ್ನು ಕೊಟ್ಟು ಅವನೀಗ
ಹಳೆಯ ಪತ್ರಿಕೆಯಲ್ಲಿ ಗಾಜಿನ ಲೋಟ ಸುತ್ತುತ್ತಾನೆ,
ಎದೆಯೊಳಗೆ ಗಣಿಯ ಧೂಳು ಸಣ್ಣಗೆ ಸಿಳ್ಳೆ ಹಾಕುತ್ತದೆ.
"ಈ ಒಲೆಯ ನೇರ ಕೆಳಗೆ ನಡೆದಿದ್ದೇನೆ ನಾನು,
ಅರ್ಧ ಮೈಲಿ ಆಳದಲ್ಲಿ. ನೀನು ಹಿಟ್ಟು ನಾದುತ್ತಿದ್ದೆ.
ತಲೆಯೆತ್ತಿ ನೋಡಿದ್ದೆ."
ನೋಡಿದರೆ ಕಂಡದ್ದೇನು? ಕಲ್ಲು.
ಆದರೂ ಕೇಳಿದೆ: ಯಾವ ಬಣ್ಣದ ಏಪ್ರನ್ ತೊಟ್ಟಿದ್ದೆ?
"ಹಳದಿ," ಅಂದ, ತಡವರಿಸದೆ.
ನನ್ನ ಹತ್ತಿರ ಹಳದಿಯದು ಇರಲೇ ಇಲ್ಲ.

ಮನೆ ಕೊಂಡವರು ಕಳಿಸಿದ ಹುಡುಗ ಏಣಿ ಹತ್ತಿ
ಮಾಡಿನ ಸಂದಿಗೆ ಟಾರ್ಚು ಬಿಟ್ಟು, ಇಳಿದು ಹೇಳಿದ:
ಮೇಲಿನ ಧೂಳು ಮುಟ್ಟಬೇಡಿ, ಸೀಸ ಇದೆ.
ಒಳ್ಳೆಯದಾಯಿತು. ನಾವು ಕೂಡಿಟ್ಟದ್ದರಲ್ಲಿ ಹೆಚ್ಚಿನದು
ಅಲ್ಲೇ ಇರಲಿ.

ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರೆ.
ನಮ್ಮೂರ ಹೆಸರೇ ಬ್ರೋಕನ್ ಹಿಲ್, ಒಡೆದ ಬೆಟ್ಟ;
ದೂರದಿಂದ ಅದೂ ನುಣ್ಣಗೇ ಕಂಡಿತ್ತು ಅವರಿಗೆ.
ಡಿಸೆಂಬರಿನ ಉರಿಯಲ್ಲಿ ಕ್ರಿಸ್‌ಮಸ್ಸಿಗೆ
ಕಾಡುಹಣ್ಣಿನ ಜಾಮ್ ಹಿಡಿದು ಇಳಿವ ಚಿಕ್ಕಮ್ಮ ನಾನು,
ಬಾಗಿಲಲ್ಲೇ ಅಪ್ಪುವವಳು,
ನಾಲ್ಕು ದಿನಕ್ಕೆ ಸಾಕಾಗುವಷ್ಟು ಒಳ್ಳೆಯವಳು.
ಐದನೆಯ ದಿನದ ನನ್ನನ್ನು ಅವರಾರೂ ಕಂಡಿಲ್ಲ:
ಬೆಳಿಗ್ಗೆ ಮಾತು ಬೇಡದವಳು, ಚಮಚ ಎಣಿಸುವವಳು,
ಅಮ್ಮನ ತಾಮ್ರದ ಕಾಫಿ ಪಾತ್ರೆ ಅಕ್ಕನ ಪಾಲಿಗೆ ಹೋದದ್ದನ್ನು
ಇನ್ನೂ ಲೆಕ್ಕದಲ್ಲಿಟ್ಟವಳು.
ಹತ್ತಿರ ಹೋದಮೇಲೆ ನನ್ನ ದಾರಿ ಕಾಯುವವರು ಯಾರು?

ಕೊನೆಯ ಸಂಜೆ ಕಟ್ಟದೆ ಉಳಿಸಿದ್ದು ಎರಡೇ ಲೋಟ.
ಆರೂಮುಕ್ಕಾಲಿಗೆ ಎಂದಿನಂತೆ ನೆಲದಡಿ ಸಿಡಿಮದ್ದು.
ಗುಡುಗಿನ ಹಾಗಲ್ಲ, ಯಾರೋ ನೆಲಮಾಳಿಗೆಯಲ್ಲಿ
ಬೀರು ಸರಿಸಿದ ಹಾಗೆ. ಕಿಟಕಿ ಝಣ್ ಅಂತು.
ಲೋಟಗಳು ಒಂದಕ್ಕೊಂದು ತಾಗಿ ನಿಂತವು.
ಇಬ್ಬರೂ ಏನೂ ಹೇಳಲಿಲ್ಲ.
ಚಹಾ ಮುಗಿದ ಮೇಲೆ ತೊಳೆದು, ಒರೆಸಿ, ಅವನ್ನೂ ಸುತ್ತಿದೆ.

ಝೋರ್ಕಾಳ ಮೇಜಿಗೆ ಹದಿಮೂರು ಜನ.
ಎಲ್ಲರೂ ಒಟ್ಟಿಗೆ ಮಾತಾಡುತ್ತಾರೆ, ಕೇಳುವವರು ಯಾರೂ ಇಲ್ಲ.
ಆಂಟೆಯ ದೋಣಿ, ಮಿಲಿತ್ಸಾಳ ಮಂಡಿ,
ಸಾರಿಗೆ ಉಪ್ಪು ಸಾಕೋ ಬೇಕೋ.
ನಡುವೆ ನನ್ನ ಕಣ್ಣು ಗೋಡೆಗೆ ಹೋಯಿತು.
ಆರೂಮುಕ್ಕಾಲು.

ಏನೂ ಆಗಲಿಲ್ಲ. ಲೋಟಗಳು ಇದ್ದಲ್ಲೇ ಇದ್ದವು, ಕಡಲೂ.
ಎದುರಿಗೆ ಯೂರೆಯ ಚಮಚ ಗಾಳಿಯಲ್ಲಿ ನಿಂತಿತ್ತು.
ಆಮೇಲೆ ಅವನು ಮೊಣಕಾಲಿನಿಂದ
ಮೇಜನ್ನು ಕೆಳಗಿನಿಂದ ಒಮ್ಮೆ ಗುದ್ದಿದ.

ಹದಿಮೂರು ಲೋಟ ಝಲ್ಲೆಂದವು. ಮಾತು ನಿಂತಿತು, ಮತ್ತೆ ಹೊರಟಿತು.
ಆಂಟೆಯ ಚಿಕ್ಕ ಮಗಳು ಮಾತ್ರ
ಕುರ್ಚಿಯಿಂದಿಳಿದು, ಮೇಜುಬಟ್ಟೆ ಎತ್ತಿ,
ಕೆಳಗೆ ಯಾರಿದ್ದಾರೆಂದು ಬಗ್ಗಿ ನೋಡಿದಳು.